ಬೆಟ್ಟದ ಮೇಲೆ ನಿಂತ ನೀರು: ಯುವಾನ್‌ಯಾಂಗ್ ಗದ್ದೆಗಳ ನಡುವೆ

ಚೀನಾದ ಯುನ್ನಾನ್ ಪ್ರಾಂತ್ಯದ ದಕ್ಷಿಣಕ್ಕೆ, ವಿಯೆಟ್ನಾಂ ಗಡಿಗೆ ಹತ್ತಿರ, ಐಲಾವ್ ಎಂಬ ಬೆಟ್ಟಸಾಲು ಇದೆ. ಅಲ್ಲಿನ ಯುವಾನ್‌ಯಾಂಗ್ ಎಂಬ ತಾಲ್ಲೂಕಿನಲ್ಲಿ ಬೆಟ್ಟದ ಮೈತುಂಬಾ ಭತ್ತದ ಗದ್ದೆ. ಹಾನಿ ಎಂಬ ಜನ ಸುಮಾರು 1,300 ವರ್ಷಗಳಿಂದ ಈ ಬೆಟ್ಟಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಬೇಸಾಯ ಮಾಡುತ್ತಾ ಬಂದಿದ್ದಾರೆ. 2013ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೀರು ತುಂಬಿದ ಗದ್ದೆಗಳಲ್ಲಿ ಬೆಳಗಿನ ಆಕಾಶ ಕಾಣುವ ಫೋಟೋಗಳನ್ನು ನೀವೂ ನೋಡಿರುತ್ತೀರಿ.

ಅಕ್ಕನಿಗೂ ನನಗೂ ಆ ಫೋಟೋ ನೋಡಿದಾಗೆಲ್ಲ ಒಂದೇ ಯೋಚನೆ. ತೀರ್ಥಹಳ್ಳಿ ಕಡೆಯ ನಮ್ಮ ತವರಿನಲ್ಲಿ ಮಾರ್ಚ್ ಅಂದರೆ ಗದ್ದೆ ಒಣಗಿ ಬಾಯಿ ಬಿಟ್ಟಿರುವ ಕಾಲ. ಅಲ್ಲಿ ಅದೇ ಮಾರ್ಚ್‌ನಲ್ಲಿ, ಮಳೆಯೇ ಇಲ್ಲದ ದಿನಗಳಲ್ಲಿ, ಬೆಟ್ಟದ ನೆತ್ತಿಯ ಹತ್ತಿರ ನೀರು ಹೇಗೆ ನಿಲ್ಲುತ್ತದೆ? ಅದನ್ನು ಕಣ್ಣಾರೆ ನೋಡಬೇಕಿತ್ತು. ವೀಸಾ ಆಯಿತು, ಬೆಂಗಳೂರಿನಿಂದ ಬ್ಯಾಂಕಾಕ್ ಮೇಲೆ ಯುನ್ನಾನ್‌ನ ರಾಜಧಾನಿ ಕುನ್ಮಿಂಗ್ ತಲುಪಿದೆವು, ಅಲ್ಲಿಂದ ರೈಲು.

ಮೊದಲ ದಿನ: ಜಿಯಾನ್‌ಶುಯಿ

ಕುನ್ಮಿಂಗ್‌ನಿಂದ ನೇರವಾಗಿ ಗದ್ದೆಗಳ ಕಡೆಗೆ ಓಡುವವರೇ ಜಾಸ್ತಿ. ನಾನು ಹೇಳುವುದು, ಜಿಯಾನ್‌ಶುಯಿಯಲ್ಲಿ ಒಂದು ರಾತ್ರಿ ಇಳಿದುಕೊಳ್ಳಿ. ಹಳೆಯ ಊರು. 1285ರಲ್ಲಿ ಶುರುವಾದ ಕನ್ಫ್ಯೂಷಿಯಸ್ ದೇವಾಲಯ ಇಲ್ಲಿದೆ. ಊರಿನ ಪೂರ್ವದ ದೊಡ್ಡ ಹೆಬ್ಬಾಗಿಲು 1389ರದ್ದು. ಸಂಜೆ ಅದರ ಕೆಳಗೆ ಮುದುಕರು ಪಂಜರದ ಹಕ್ಕಿ ಇಟ್ಟುಕೊಂಡು ಇಸ್ಪೀಟು ಆಡುತ್ತಿದ್ದರು.

ಆದರೆ ಈ ಊರಿನ ನಿಜವಾದ ಹೆಮ್ಮೆ ಬಾವಿಗಳದ್ದು. ಪಶ್ಚಿಮದ ಬಾಗಿಲ ಆಚೆ ಒಂದು ದೊಡ್ಡ ಬಾವಿಯಿದೆ. ಈಗಲೂ ಜನ ಅಲ್ಲಿಗೆ ಬಂದು ಹಗ್ಗ ಕಟ್ಟಿದ ಬಕೆಟ್ ಇಳಿಸಿ ನೀರು ಸೇದುತ್ತಾರೆ. ಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಆಳವಾದ ಗೀರುಗಳಾಗಿವೆ. ಇದರ ನೀರಿಲ್ಲದೆ ತಮ್ಮ ತೋಫುಗೆ, ಅಂದರೆ ಸೋಯಾ ಹಾಲಿನಿಂದ ಮಾಡುವ ಪನೀರಿನಂಥ ತಿನಿಸಿಗೆ, ಈ ರುಚಿ ಬರುವುದೇ ಇಲ್ಲ ಎಂಬುದು ಊರವರ ನಂಬಿಕೆ.

ಆ ತೋಫುವಿನ ವಿಷಯ ಹೇಳಲೇಬೇಕು. ಸಣ್ಣ ಸಣ್ಣ ಚೌಕದ ತುಂಡುಗಳು, ಸ್ವಲ್ಪ ಹುಳಿ ಬಂದಿರುತ್ತವೆ. ಇದ್ದಿಲ ಒಲೆಯ ಮೇಲಿನ ಕಬ್ಬಿಣದ ಜಾಲರಿಯಲ್ಲಿ ಅವನ್ನು ತಿರುಗಿಸಿ ತಿರುಗಿಸಿ ಸುಡುತ್ತಾರೆ. ಉಬ್ಬಿ ಗುಂಡಗಾದ ಮೇಲೆ ಕೈಯಲ್ಲೇ ಮುರಿದು ಖಾರದ ಪುಡಿಗೋ, ಬೆಳ್ಳುಳ್ಳಿ ಕೊತ್ತಂಬರಿ ಹಾಕಿದ ರಸಕ್ಕೋ ಅದ್ದಿ ತಿನ್ನಬೇಕು. ಎಲ್ಲರೂ ಒಲೆಯ ಸುತ್ತ ಪುಟ್ಟ ಸ್ಟೂಲುಗಳ ಮೇಲೆ ಕೂತಿರುತ್ತಾರೆ. ಯಾರು ಎಷ್ಟು ತಿಂದರು ಅನ್ನುವ ಲೆಕ್ಕ ಇಡುವ ಬಗೆ ನನಗೆ ತುಂಬಾ ಹಿಡಿಸಿತು. ಅಂಗಡಿಯ ಹೆಂಗಸು ನಾವು ಒಂದೊಂದು ತೆಗೆದಾಗಲೂ ನಮ್ಮ ಹೆಸರಿನ ಬಟ್ಟಲಿಗೆ ಒಂದೊಂದು ಜೋಳದ ಕಾಳು ಹಾಕುತ್ತಾಳೆ. ಎದ್ದು ಹೋಗುವಾಗ ಕಾಳು ಎಣಿಸಿದರೆ ಆಯಿತು. ಜಗಳವಿಲ್ಲ, ಕಾಗದವಿಲ್ಲ.

ಅಕ್ಕ ಮಾಂಸ ಬಿಟ್ಟು ವರ್ಷಗಳಾದವು, ಹಾಗಾಗಿ ಈ ಅಂಗಡಿ ಅವಳಿಗೆ ದೇವರು ಕೊಟ್ಟಂತಾಯಿತು. ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ. ಇಲ್ಲಿ ಬರೀ ಸೊಪ್ಪಿನ ಪಲ್ಯಕ್ಕೂ ಹಂದಿಯ ಕೊಬ್ಬು ಬೀಳುವುದುಂಟು. 'ಮಾಂಸ ಬೇಡ, ಮೀನು ಬೇಡ, ಹಂದಿ ಕೊಬ್ಬಿನಲ್ಲಿ ಹುರಿಯಬೇಡಿ' ಎಂದು ಚೀನೀ ಭಾಷೆಯಲ್ಲಿ ಬರೆಸಿಕೊಂಡ ಒಂದು ಸಾಲು ಅಕ್ಕನ ಫೋನಿನಲ್ಲಿತ್ತು. ಪ್ರತಿ ಅಡುಗೆಮನೆಯಲ್ಲೂ ಅದನ್ನು ತೋರಿಸಿದೆವು. ಎಲ್ಲೂ ಯಾರೂ ಮುಖ ಸಿಂಡರಿಸಲಿಲ್ಲ.

ಎರಡನೇ ದಿನ: ಕೆಂಪು ನದಿ ದಾಟಿ ಮೇಲಕ್ಕೆ

ಬೆಳಿಗ್ಗೆ ಬಸ್ಸು. ಜಿಯಾನ್‌ಶುಯಿ ಬಿಟ್ಟ ಸ್ವಲ್ಪ ಹೊತ್ತಿಗೆ ರಸ್ತೆ ಇಳಿಯಲು ಶುರುವಾಗುತ್ತದೆ. ಇಳಿದಷ್ಟೂ ಸೆಕೆ. ಸ್ವೆಟರ್ ತೆಗೆದೆವು, ಕಿಟಕಿ ತೆಗೆದೆವು. ತಳದಲ್ಲಿ ಕೆಂಪು ನದಿ, ಅಂದರೆ ಹೊಂಗ್‌ಹೆ. ವಿಯೆಟ್ನಾಂ ಹೊಕ್ಕು ಹನೋಯ್ ಊರನ್ನು ಹಾದು ಸಮುದ್ರ ಸೇರುವ ನದಿ ಇದೇ. ನಾವು ನೋಡಿದಾಗ ನೀರು ಹಸಿರಾಗಿತ್ತು. ಮಳೆಗಾಲದಲ್ಲಿ ಬಂದರೆ ಬೆಟ್ಟಗಳ ಮಣ್ಣೆಲ್ಲ ಸೇರಿ ಹೆಸರಿಗೆ ತಕ್ಕ ಬಣ್ಣ ಇರುತ್ತದೆ ಎಂದು ಪಕ್ಕದ ಸೀಟಿನವರು ಫೋನಿನ ಅನುವಾದದಲ್ಲಿ ತಿಳಿಸಿದರು.

ನದಿಯ ಪಕ್ಕದ ನಾನ್‌ಶಾ ಈಗ ತಾಲ್ಲೂಕಿನ ಹೊಸ ಕೇಂದ್ರ. ಸುತ್ತ ಬಾಳೆತೋಟ, ಮಾವು. ಇಲ್ಲಿ ದಾಯ್ ಜನ ಹೆಚ್ಚು. ಬೆಟ್ಟ ಹತ್ತಿದ ಹಾಗೆ ಜನ ಬದಲಾಗುತ್ತಾರೆ, ಬೆಳೆ ಬದಲಾಗುತ್ತದೆ, ಹವೆಯೂ ಬದಲಾಗುತ್ತದೆ. ಹಾನಿ ಜನ ಸೆಕೆಯೂ ಇಲ್ಲದ, ವಿಪರೀತ ಚಳಿಯೂ ಇಲ್ಲದ ನಡುಬೆಟ್ಟವನ್ನು ಆರಿಸಿಕೊಂಡವರು.

ನಾನ್‌ಶಾದಿಂದ ಶಿನ್‌ಜಿಯೆ ಎಂಬ ಹಳೆಯ ಊರಿಗೆ ಏರುವ ರಸ್ತೆ ಪೂರ್ತಿ ತಿರುವು. ಒಂದು ತಿರುವಿನಲ್ಲಿ ಕಬ್ಬಿಣದ ಸರಳು ಹೊತ್ತ ಲಾರಿಯೊಂದು ಅಡ್ಡ ಸಿಕ್ಕಿಕೊಂಡಿತ್ತು. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ಬಸ್ಸಿನವರೆಲ್ಲ ಇಳಿದರು. ಹಿಂದಿನ ಸೀಟಿನಲ್ಲಿದ್ದ, ಯಿ ಎಂಬ ಇನ್ನೊಂದು ಜನಾಂಗದ ಹೆಂಗಸೊಬ್ಬರು, ಕಸೂತಿ ತುಂಬಿದ ಬಣ್ಣಬಣ್ಣದ ಅಂಗಿ ತೊಟ್ಟವರು, ಚೀಲದಿಂದ ಕಬ್ಬಿನ ತುಂಡು ತೆಗೆದು ಎಲ್ಲರಿಗೂ ಹಂಚಿದರು. ನಾವು ಜಗಿಯುವುದನ್ನು ನೋಡಿ ಅವರಿಗೆ ಆಶ್ಚರ್ಯ. 'ನಿಮ್ಮ ದೇಶದಲ್ಲೂ ಕಬ್ಬು ಇದೆಯಾ?' ಅಂತ ಕೇಳಿದರು. ಅಕ್ಕ ಫೋನಿನಲ್ಲಿ ಆಲೆಮನೆಯ ಒಂದು ವಿಡಿಯೋ ತೋರಿಸಿದಳು. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವುದನ್ನು ನೋಡಲು ಹತ್ತಾರು ತಲೆ ಸುತ್ತ ಸೇರಿದವು. ಲಾರಿ ಹೊರಳಿಕೊಂಡು ದಾರಿ ಬಿಟ್ಟಾಗ ಮಧ್ಯಾಹ್ನ ದಾಟಿತ್ತು.

ಶಿನ್‌ಜಿಯೆಯಿಂದ ದುವೊಯಿಶು ಹಳ್ಳಿ ಸುಮಾರು 25 ಕಿಲೋಮೀಟರ್. ಬಸ್ ನಿಲ್ದಾಣದ ಹೊರಗೆ ವ್ಯಾನ್‌ಗಳು ನಿಂತಿರುತ್ತವೆ. ಬೇರೆಯವರ ಜೊತೆ ಸೇರಿ ಹೋದರೆ ಅಗ್ಗ, ಹೊರಡುವ ಮುಂಚೆಯೇ ಹಣ ಮಾತಾಡಿಕೊಳ್ಳಿ. ಹತ್ತುತ್ತಾ ಹತ್ತುತ್ತಾ ಮಂಜು ಬಂತು. ಹಳ್ಳಿ ತಲುಪುವಾಗ ವ್ಯಾನಿನ ಮುಂದಿನ ದೀಪದ ಬೆಳಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಗದ್ದೆ ಎಲ್ಲಿ, ಪ್ರಪಾತ ಎಲ್ಲಿ, ಒಂದೂ ಗೊತ್ತಾಗಲಿಲ್ಲ.

ನಾವಿಳಿದದ್ದು ಹಾನಿ ಕುಟುಂಬವೊಂದರ ಮನೆ. ಮೇಲಿನ ಎರಡು ಮಹಡಿಯನ್ನು ಪ್ರವಾಸಿಗರಿಗೆ ಬಿಟ್ಟಿದ್ದಾರೆ. ಯಜಮಾನಿ ಪಾಸ್‌ಪೋರ್ಟ್ ಫೋಟೋ ತೆಗೆದು ಪೊಲೀಸರಿಗೆ ಕಳಿಸಿದರು. ಇದು ಎಲ್ಲ ಕಡೆಯೂ ಇರುವ ನಿಯಮ, ಗಾಬರಿಯಾಗಬೇಡಿ. ಕೋಣೆಯಲ್ಲಿ ಹೀಟರ್ ಇಲ್ಲ, ಹಾಸಿಗೆಯ ಮೇಲೆ ವಿದ್ಯುತ್ ಕಂಬಳಿ ಇತ್ತು. ಊಟಕ್ಕೆ ಕೆಂಪಕ್ಕಿ ಅನ್ನ, ಬಟಾಣಿ ಕುಡಿಯ ಸಾರು, ಹುರಿದ ಆಲೂಗಡ್ಡೆ, ನನಗೆ ಗದ್ದೆಯ ಮೀನು. ಅನ್ನದ ಮೊದಲ ತುತ್ತಿಗೇ ಅಕ್ಕ ನನ್ನ ಮುಖ ನೋಡಿದಳು. ಊರಿನ ಹಳೆಯ ಕೆಂಪಕ್ಕಿಯದೇ ಆ ಗಡಸು, ಆ ಸಿಹಿ.

ಮೂರನೇ ದಿನ: ದುವೊಯಿಶು

ಇಡೀ ಚೀನಾಕ್ಕೆ ಬೀಜಿಂಗ್ ಸಮಯ ಒಂದೇ. ಪಶ್ಚಿಮಕ್ಕಿರುವ ಯುನ್ನಾನ್‌ನಲ್ಲಿ ಮಾರ್ಚ್ ಮೊದಲ ವಾರ ಸೂರ್ಯ ಹುಟ್ಟುವಾಗ ಗಡಿಯಾರದಲ್ಲಿ ಏಳೂವರೆ. ಹಾಗಾಗಿ ನಡುರಾತ್ರಿಯಲ್ಲಿ ಏಳಬೇಕಾದ ಕಷ್ಟವಿಲ್ಲ. ಆರೂವರೆಗೆ ನೋಡುವ ಕಟ್ಟೆಗೆ ಹೋದರೆ ಸಾಕು. ಅಷ್ಟು ಹೊತ್ತಿಗಾಗಲೇ ಅಲ್ಲಿ ಕ್ಯಾಮೆರಾ ಸ್ಟ್ಯಾಂಡ್‌ಗಳು ಸಾಲಾಗಿ ನಿಂತಿದ್ದವು. ಹಾನಿ ಅಜ್ಜಿಯರು ಬುಟ್ಟಿಯಲ್ಲಿ ಬೇಯಿಸಿದ ಬಾತುಕೋಳಿ ಮೊಟ್ಟೆ ಮಾರುತ್ತಿದ್ದರು.

ಎಂಟಾಯಿತು. ಎಂಟೂವರೆಯಾಯಿತು. ಮಂಜು ಕದಲಲಿಲ್ಲ. ಸ್ಟ್ಯಾಂಡ್‌ಗಳು ಒಂದೊಂದಾಗಿ ಮಡಚಿಕೊಂಡವು. ಕುನ್ಮಿಂಗ್‌ನಿಂದ ಬಂದಿದ್ದ ಒಂದು ದೊಡ್ಡ ಗುಂಪು ಬಸ್ಸು ಹತ್ತಿ ಹೋಗಿಯೇಬಿಟ್ಟಿತು. ಪಾಪ, ಅವರಿಗೆ ಇದ್ದದ್ದು ಇದೊಂದೇ ಬೆಳಗು. ಇಲ್ಲಿಗೆ ಬರುವವರು ಕಡಿಮೆಯೆಂದರೂ ಮೂರು ರಾತ್ರಿ ಇಟ್ಟುಕೊಳ್ಳಿ. ಮಂಜಿನ ಜೊತೆ ಅವಸರ ನಡೆಯುವುದಿಲ್ಲ.

ಒಂಬತ್ತರ ಹೊತ್ತಿಗೆ ಕೆಳಗಿನಿಂದ ಗಾಳಿ ಬೀಸಿತು. ಮೊದಲು ನಮ್ಮ ಕಾಲಬುಡದಲ್ಲಿ ಒಂದು ಬದು ಕಂಡಿತು. ಅದರ ಕೆಳಗೆ ಇನ್ನೊಂದು. ಆಮೇಲೆ ಹತ್ತು, ನೂರು. ಮೋಡ ಇಳಿಯುತ್ತಾ ಹೋದಂತೆ ಗದ್ದೆಗಳು ಮೇಲೆದ್ದು ಬಂದವು. ಕೆಲವು ಚಾಪೆಯಷ್ಟೂ ಅಗಲವಿಲ್ಲ. ಕೆಲವದರಲ್ಲಿ ಕೆಂಪು ಪಾಚಿ ಹಬ್ಬಿತ್ತು. ಉಳಿದವುಗಳಲ್ಲಿ ಬರೀ ನೀರು, ನೀರಿನಲ್ಲಿ ಮೋಡ. ಕಣಿವೆಯ ತಳದವರೆಗೂ ಒಂದೇ ಒಂದು ಒಣ ಗದ್ದೆ ಕಾಣಲಿಲ್ಲ. ಅಕ್ಕ ಬಹಳ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಅವಳ ಬಾಯಿಂದ ಬಂದದ್ದು ಇಷ್ಟು: 'ಇಷ್ಟು ಅಂಚಿಗೆ ಎಷ್ಟು ಜನ ಬಗ್ಗಿರಬೇಕು ನೋಡೇ.'

ನನಗೂ ಹಾಗೇ ಅನ್ನಿಸಿತ್ತು. ಫೋಟೋದಲ್ಲಿ ಇದು ಬಣ್ಣ, ಗೆರೆ. ಎದುರು ನಿಂತರೆ ದುಡಿಮೆ. ಆ ದುಡಿಮೆಯನ್ನು ಕಟ್ಟೆಯ ಮೇಲೆ ನಿಂತು ನೋಡಿದರೆ ಅರ್ಧ ಮಾತ್ರ ಕಾಣುವುದು. ತಿಂಡಿ ಮುಗಿಸಿ ಕೆಳಗಿಳಿದೆವು.

ಬದುಗಳ ಮೇಲೆ ನಡೆಯಬಹುದು, ಯಾರೂ ತಡೆಯುವುದಿಲ್ಲ. ಆದರೆ ಹಿಂದಿನ ದಿನ ಮೆತ್ತಿದ ಹಸಿ ಬದುವಿನ ಮೇಲೆ ದಯವಿಟ್ಟು ಕಾಲಿಡಬೇಡಿ. ಅದು ಒಬ್ಬರ ಇಡೀ ದಿನದ ಕೆಲಸ. ಹುಲ್ಲು ಬೆಳೆದ ಹಳೆಯ ಬದು ಹಿಡಿದು ಹೋಗಿ, ಹಿಡಿತವಿರುವ ಬೂಟು ಹಾಕಿಕೊಳ್ಳಿ. ನಾವು ಹೋದಾಗ ಬದು ಕೆಲಸ ಜೋರಾಗಿತ್ತು. ಗಂಡಸರು ಗದ್ದೆಯ ಗೋಡೆಯ ಹುಲ್ಲು ಕೆತ್ತುತ್ತಿದ್ದರು. ಹೆಂಗಸರು ತಳದ ಕೆಸರನ್ನು ಗುದ್ದಲಿಯಲ್ಲಿ ಎತ್ತಿ ಬದುವಿಗೆ ಬಡಿದು, ಹಿಂಬದಿಯಿಂದ ಸವರುತ್ತಿದ್ದರು. ಅಲ್ಲೊಂದು ಇಲ್ಲೊಂದು ಕಡೆ ಎಮ್ಮೆ ಕಟ್ಟಿ ಉಳುತ್ತಿದ್ದರು. ಟ್ರ್ಯಾಕ್ಟರ್ ಇಳಿಯುವ ಜಾಗವೇ ಇದಲ್ಲ. ತಿರುಗಿಸುವಾಗ ಎಮ್ಮೆಗೂ ಜಾಗ ಸಾಲದೆ ಅದರ ಹಿಂಗಾಲು ಬದುವಿನ ತುದಿಗೆ ಬರುತ್ತಿತ್ತು.

ಅಕ್ಕ ಒಂದು ಗದ್ದೆಯ ಹತ್ತಿರ ನಿಂತು ಕೆಲಸ ಮಾಡುತ್ತಿದ್ದ ಹೆಂಗಸನ್ನೇ ನೋಡುತ್ತಿದ್ದಳು. ಆಕೆ ತಲೆಯೆತ್ತಿ ನಕ್ಕರು. ಅಕ್ಕ ಕೈ ಚಾಚಿದಳು. ಆಕೆ ಸ್ವಲ್ಪ ಅನುಮಾನದಲ್ಲೇ ಗುದ್ದಲಿ ಕೊಟ್ಟರು. ಅಕ್ಕ ಶೂ ಬಿಚ್ಚಿ, ಪ್ಯಾಂಟ್ ಮಡಚಿ ಇಳಿದು ನಾಲ್ಕು ಅಡಿ ಬದು ಮೆತ್ತಿದಳು, ಅಪ್ಪನ ಹತ್ತಿರ ಕಲಿತ ಹಾಗೆ, ಗುದ್ದಲಿಯ ಬೆನ್ನಿನಿಂದ ಎರಡೆರಡು ಸಲ ಒತ್ತಿ. ಆಕೆ ಹತ್ತಿರ ಬಂದು ಹೆಬ್ಬೆಟ್ಟಿನಿಂದ ಮಣ್ಣು ಒತ್ತಿ ನೋಡಿದರು. ಆಮೇಲೆ ಪಕ್ಕದ ಗದ್ದೆಯವರನ್ನೆಲ್ಲ ಕೂಗಿ ಕರೆದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಕೊನೆಗೆ ಅಕ್ಕನ ಕಾಲು ತೊಳೆಯಲು ಮೇಲಿನ ತೂಬು ಬಿಡಿಸಿ ನೀರು ಕೊಟ್ಟರು.

ನಾಲ್ಕನೇ ದಿನ: ಕಾಲುವೆ ಹಿಡಿದು ಕಾಡಿಗೆ

ಶನಿವಾರ. ಮೆಂಗ್‌ಝಿಯಲ್ಲಿ ಕಾಲೇಜು ಓದುವ ಯಜಮಾನಿಯ ಮಗಳು ಊರಿಗೆ ಬಂದಿದ್ದಳು. ಅವಳಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ನೀರು ಎಲ್ಲಿಂದ ಬರುತ್ತದೆ ನೋಡಬೇಕು ಅಂದಾಗ ಅವಳ ಅಜ್ಜ ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಎದ್ದರು. ವಯಸ್ಸು ಎಪ್ಪತ್ತು ದಾಟಿದೆ. ಹರೆಯದಲ್ಲಿ ಊರಿನ ಕಾಲುವೆ ನೋಡಿಕೊಳ್ಳುವ ಕೆಲಸ ಮಾಡಿದವರು. ಹಾನಿ ಭಾಷೆಯಲ್ಲೇ ಮಾತು. ಫೋನಿನ ಅನುವಾದಕ್ಕೆ ಹಾನಿ ಗೊತ್ತಿಲ್ಲ. ಹುಡುಗಿಯೇ ಸೇತುವೆಯಾದಳು.

ಹಳ್ಳಿಯ ಹಿಂದಿನಿಂದಲೇ ಕಾಲುವೆಯ ದಾರಿ ಶುರು. ಒಂದು ಮಾರಿಗಿಂತ ಕಡಿಮೆ ಅಗಲದ ಕಾಲುವೆ, ಪಕ್ಕದಲ್ಲಿ ಒಬ್ಬರು ನಡೆಯುವಷ್ಟು ಜಾಗ. ಸ್ವಲ್ಪ ದೂರ ಹೋದ ಮೇಲೆ ಅಜ್ಜ ನಿಂತು ಕೋಲಿನಿಂದ ತೋರಿಸಿದರು. ಕಾಲುವೆಗೆ ಅಡ್ಡಲಾಗಿ ಒಂದು ಮರದ ದಿಮ್ಮಿ ಹೂತಿದೆ. ಅದರ ಮೇಲ್ಭಾಗದಲ್ಲಿ ಬೇರೆ ಬೇರೆ ಅಗಲದ ಕಚ್ಚುಗಳನ್ನು ಕೊರೆದಿದ್ದಾರೆ. ಒಂದೊಂದು ಕಚ್ಚಿನಿಂದ ಇಳಿಯುವ ನೀರು ಒಂದೊಂದು ಕವಲಿಗೆ. ಅಗಲದ ಕಚ್ಚು ಹೆಚ್ಚು ಗದ್ದೆ ಇರುವವರಿಗೆ, ಇಕ್ಕಟ್ಟಿನದು ಕಡಿಮೆ ಇರುವವರಿಗೆ. ಕಾಲುವೆ ತೋಡುವಾಗ ಯಾರು ಎಷ್ಟು ದುಡಿದರು ಅನ್ನುವುದೂ ಈ ಲೆಕ್ಕಕ್ಕೆ ಬರುತ್ತದೆ. ಮಳೆ ಕಡಿಮೆಯಾಗಿ ಕಾಲುವೆಯ ನೀರೇ ತಗ್ಗಿದರೂ ಪಾಲು ಪಾಲಿನಂತೆಯೇ ಇಳಿಯುತ್ತದೆ. ಕೆಲವು ಕಡೆ ಮರದ ಬದಲು ಕಲ್ಲು ಹಾಕಿದ್ದಾರೆ.

'ರಾತ್ರಿ ಬಂದು ಯಾರಾದರೂ ಕಚ್ಚು ದೊಡ್ಡದು ಮಾಡಿದರೆ?' ಅಂತ ಕೇಳಿದೆ. ಊರಲ್ಲಿ ನೀರಿಗಾಗಿ ನಡೆದ ಜಗಳ ಎಷ್ಟು ನೋಡಿಲ್ಲ! ಅಜ್ಜ ನಕ್ಕರು. ಹಾಗೆ ಮಾಡಿದವರಿಗೆ ಊರಿನವರು ಸೇರಿ ದಂಡ ಹಾಕುತ್ತಾರೆ. ಅದಕ್ಕಿಂತ ದೊಡ್ಡದು ಮಾನ. ಕಾಲುವೆಯವನು ದಿನಾ ಈ ದಾರಿ ನಡೆಯಬೇಕು. ಎಲೆ ತೆಗೆಯಬೇಕು, ಏಡಿ ಕೊರೆದ ತೂತು ಮುಚ್ಚಬೇಕು, ಕುಸಿದಲ್ಲಿ ಜನ ಕರೆಯಬೇಕು. ಅವನಿಗೆ ಸಂಬಳ ಭತ್ತದಲ್ಲಿ. ಸುಗ್ಗಿಯ ನಂತರ ನೀರು ಪಡೆದ ಮನೆಗಳೆಲ್ಲ ತಮ್ಮ ಪಾಲು ಅಳೆದು ಕೊಡುತ್ತಿದ್ದವು.

ಇನ್ನೂ ಮೇಲೆ ಹೋದೆವು. ಗಾಳಿ ತಣ್ಣಗಾಯಿತು, ಮರಗಳ ಮೈಮೇಲೆ ಪಾಚಿ ಜೋತಾಡುತ್ತಿತ್ತು. ಹನಿ ಬೀಳುತ್ತಿತ್ತು, ಆದರೆ ಮಳೆಯಲ್ಲ. ಮಂಜು ಎಲೆಗಳಿಗೆ ತಾಗಿ ನೀರಾಗಿ ಇಳಿಯುತ್ತಿತ್ತು. ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಕೆಳಗೆ ಬಿಸಿಲಿಗೆ ಬೇಯುವ ಕೆಂಪು ನದಿಯ ಕಣಿವೆಯಿಂದ ಹಬೆ ಏರುತ್ತದೆ. ಮೇಲೆ ಬಂದು ತಣ್ಣಗಾಗಿ ಮಂಜಾಗುತ್ತದೆ. ಕಾಡು ಅದನ್ನು ಹಿಡಿದು ನೆಲಕ್ಕೆ ಇಳಿಸುತ್ತದೆ. ನೆಲದಿಂದ ಒರತೆ, ಒರತೆಯಿಂದ ಕಾಲುವೆ, ಕಾಲುವೆ ಹಳ್ಳಿಯನ್ನು ಹಾದು ಗದ್ದೆಗೆ, ಗದ್ದೆಯಿಂದ ಗದ್ದೆಗೆ ಇಳಿಯುತ್ತಾ ಮತ್ತೆ ನದಿಗೆ. ಮೇಲೆ ಕಾಡು, ಅದರ ಕೆಳಗೆ ಹಳ್ಳಿ, ಅದರ ಕೆಳಗೆ ಗದ್ದೆ, ತಳದಲ್ಲಿ ನದಿ. ಯಾವ ಹಳ್ಳಿಗೆ ಹೋದರೂ ಇದೇ ಕ್ರಮ. ಮೇಲಿನ ಕಾಡು ಕಡಿದರೆ ಉಳಿದ ಮೂರೂ ಹೋಗುತ್ತವೆ ಅನ್ನುವುದು ಅಲ್ಲಿನ ಮಕ್ಕಳಿಗೂ ಗೊತ್ತು.

ಹಳ್ಳಿಗೆ ಅಂಟಿಕೊಂಡು ಇನ್ನೊಂದು ಸಣ್ಣ ಕಾಡಿದೆ. ಅದು ಊರ ದೇವತೆಯದು. ಅಲ್ಲಿ ಒಣ ಕಡ್ಡಿಯನ್ನೂ ಎತ್ತುವಂತಿಲ್ಲ. ವರ್ಷಕ್ಕೊಮ್ಮೆ, ಬೇಸಾಯ ಶುರುವಾಗುವ ಮುಂಚೆ, ಅಲ್ಲಿ ಪೂಜೆ ನಡೆಯುತ್ತದೆ. ಆಮೇಲೆ ಪ್ರತಿ ಮನೆಯವರೂ ಬೀದಿಗೆ ಮೇಜು ತಂದು ಉದ್ದಕ್ಕೂ ಜೋಡಿಸಿ ಊರೆಲ್ಲ ಒಟ್ಟಿಗೆ ಊಟ ಮಾಡುತ್ತಾರೆ. ಹೊರಗಿನವರು ಒಳಗೆ ಹೋಗಬಾರದು ಅಂದರು, ನಾವು ದೂರದಿಂದಲೇ ಕೈ ಮುಗಿದೆವು. ಕೊಡಗಿನ ದೇವರಕಾಡು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇಳಿಯುವಾಗ ಅಜ್ಜನನ್ನು ಮತ್ತೊಂದು ವಿಷಯ ಕೇಳಿದೆ. ಕೊಯ್ಲಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಾಟಿ ಏಪ್ರಿಲ್, ಮೇ ತಿಂಗಳಲ್ಲಿ. ವರ್ಷಕ್ಕೆ ಒಂದೇ ಬೆಳೆ. ಮಧ್ಯದ ಇಷ್ಟು ತಿಂಗಳು ಬರಿದೇ ಯಾಕೆ ನೀರು ನಿಲ್ಲಿಸಬೇಕು? ಅಜ್ಜ ಅಂಗೈ ತೋರಿಸಿ, ಅದರ ಮೇಲೆ ಬೆರಳಿನಿಂದ ಬಿರುಕು ಬರೆದರು. ಒಮ್ಮೆ ಒಣಗಿದರೆ ಮಣ್ಣು ಬಿರಿಯುತ್ತದೆ. ಆಮೇಲೆ ನೀರು ಬಿಟ್ಟರೆ ಆ ಬಿರುಕಿನಲ್ಲಿ ಇಳಿದು ಬದುವನ್ನೇ ತಳ್ಳಿಬಿಡುತ್ತದೆ. ಒಂದು ಗದ್ದೆ ಜಾರಿದರೆ ಅದರ ಕೆಳಗಿನವೂ ಜಾರುತ್ತವೆ. ಹಾಗಾಗಿ ಬೆಳೆ ಇಲ್ಲದ ದಿನಗಳಲ್ಲೂ ನೀರು, ನೀರಿನಲ್ಲಿ ಮೀನು, ಬಾತುಕೋಳಿ. ನಾವೆಲ್ಲ ಚಂದ ಅಂತ ನೋಡಲು ಬರುವ ಈ ನೀರು ಗದ್ದೆಗಳನ್ನು ಬದುಕಿಸಿಕೊಳ್ಳಲು ನಿಲ್ಲಿಸಿದ ನೀರು.

ಆ ಮಾತಿನಿಂದ ಇನ್ನೊಂದು ಮಾತು ಬಂತು. ಈಗ ಗದ್ದೆಗೆ ಇಳಿಯುವವರೆಲ್ಲ ಐವತ್ತು ದಾಟಿದವರು. ಹುಡುಗರು ಮೆಂಗ್‌ಝಿ, ಕುನ್ಮಿಂಗ್, ದೂರದ ಗುವಾಂಗ್‌ಡಾಂಗ್‌ಗೆ ಕೆಲಸಕ್ಕೆ ಹೋಗುತ್ತಾರೆ. ಒಂದು ಮನೆಯವರು ಗದ್ದೆ ಬಿಟ್ಟರೆ ಕೆಳಗಿನ ಮನೆಯವರಿಗೂ ಅಪಾಯ. 'ನೀನು ವಾಪಸ್ ಬರುತ್ತೀಯಾ?' ಅಂತ ಅಕ್ಕ ಆ ಹುಡುಗಿಯನ್ನು ಕೇಳಿದಳು. ಅವಳು ಅಜ್ಜನ ಕಡೆ ನೋಡಿ, ಇನ್ನೂ ಗೊತ್ತಿಲ್ಲ ಎಂದಳು. ನಮ್ಮ ತವರಿನಲ್ಲೂ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆ ತೋಟವಾದವು. ಅಣ್ಣನಿಗೆ ಆಳು ಸಿಗಲಿಲ್ಲ. ಯಾರದ್ದೂ ತಪ್ಪಲ್ಲ, ಆದರೂ ಹೊಟ್ಟೆ ಉರಿಯುತ್ತದೆ, ಅಲ್ವಾ?

ಐದನೇ ದಿನ: ಸಂತೆ, ಅಝೆಕೆ

ಶೆಂಗ್‌ಚುನ್‌ನಲ್ಲಿ ಸಂತೆ ಎಂದು ಯಜಮಾನಿ ಬೆಳಿಗ್ಗೆಯೇ ಎಬ್ಬಿಸಿದರು. ಇಲ್ಲಿ ಸಂತೆ ವಾರದ ಲೆಕ್ಕದಲ್ಲಿ ಬರುವುದಿಲ್ಲ. ಇಲಿ, ಎತ್ತು, ಹುಲಿ ಎಂದು ಹನ್ನೆರಡು ಪ್ರಾಣಿಗಳ ಸರದಿಯಲ್ಲಿ ದಿನ ಎಣಿಸುತ್ತಾರೆ. ಮನೆಯವರನ್ನು ಕೇಳಿ ತಿಳಿದುಕೊಳ್ಳುವುದೇ ಸುಲಭ. ಕಡುನೀಲಿ ಬಟ್ಟೆ ತೊಟ್ಟ ಹಾನಿ ಹೆಂಗಸರು, ಬೆನ್ನಿಗೆ ಕಸೂತಿ ಬಟ್ಟೆಯಲ್ಲಿ ಕಟ್ಟಿದ ಕೂಸು, ಕೈಯಲ್ಲಿ ಕಾಲು ಕಟ್ಟಿದ ಕೋಳಿ. ಹೊಗೆಸೊಪ್ಪು, ಗುದ್ದಲಿಯ ಕಾವು, ಹಂದಿಮರಿ, ಪ್ಲಾಸ್ಟಿಕ್ ಚಪ್ಪಲಿ, ಗದ್ದೆಯ ಮುಳ್ಳುಮೀನು. ಬಿಳಿ ಬೇರಿನ ಕಟ್ಟುಗಳು ರಾಶಿ ರಾಶಿ ಇದ್ದವು. ಯುನ್ನಾನ್ ಜನ ಅದನ್ನು ಹಸಿಯಾಗಿ ಖಾರ ಹಚ್ಚಿ ತಿನ್ನುತ್ತಾರೆ. ಮೀನಿನ ವಾಸನೆ ಬರುವ ಆ ಬೇರನ್ನು ಅಕ್ಕ ಎರಡನೇ ಸಲ ಮುಟ್ಟಲಿಲ್ಲ. ನನಗೆ ಇಷ್ಟವಾಯಿತು. ಚೀನಾದಲ್ಲಿ ಎಲ್ಲದಕ್ಕೂ ಫೋನಿನಲ್ಲೇ ಹಣ ಕೊಡುವುದು ರೂಢಿ. ಹೊರಡುವ ಮುಂಚೆಯೇ ಅಲಿಪೇ ಎಂಬ ಹಣ ಪಾವತಿಯ ಆ್ಯಪ್‌ನಲ್ಲಿ ನಿಮ್ಮ ಕಾರ್ಡ್ ಸೇರಿಸಿಟ್ಟುಕೊಳ್ಳಿ. ಆದರೆ ಇಂಥ ಸಂತೆಯಲ್ಲಿ ಅಜ್ಜಿಯರ ಹತ್ತಿರ ಸೊಪ್ಪು ಕೊಳ್ಳಲು ಚಿಲ್ಲರೆ ನೋಟು ಬೇಕು.

ಮಧ್ಯಾಹ್ನ ಅಝೆಕೆ. ಅರವತ್ತು ಚಿಲ್ಲರೆ ಮನೆಗಳ ಪುಟ್ಟ ಹಳ್ಳಿ. ಹಾನಿ ಜನರ ಹಳೆಯ ಮನೆಗಳು ಇಲ್ಲಿ ಚೆನ್ನಾಗಿ ಉಳಿದಿವೆ. ಮಣ್ಣಿನ ಇಟ್ಟಿಗೆಯ ಗೋಡೆ, ಮೇಲೆ ದಪ್ಪ ಹುಲ್ಲಿನ ಚಾವಣಿ. ದೂರದಿಂದ ಅಣಬೆ ಎದ್ದ ಹಾಗೆ ಕಾಣುತ್ತವೆ, ಹೆಸರೂ ಅಣಬೆ ಮನೆಯೇ. ಕೆಳಗೆ ದನ ಎಮ್ಮೆ, ನಡುವೆ ಜನ, ಅಟ್ಟದಲ್ಲಿ ಧಾನ್ಯ. ಒಬ್ಬ ಅಜ್ಜಿ ಒಳಗೆ ಕರೆದು ಒಲೆಯ ಹತ್ತಿರ ಕೂರಿಸಿದರು. ಒಳಗೆ ಕತ್ತಲೆ, ಹೊಗೆ, ಕಣ್ಣುರಿ. ಆದರೆ ಎಷ್ಟು ಬೆಚ್ಚಗೆ! ಕಾಂಕ್ರೀಟ್ ಮನೆ ಬೇಕು ಅನ್ನುವವರನ್ನು ನಾವು ಪ್ರವಾಸಿಗರು ದೂರಬಾರದು. ಈ ಹೊಗೆಯಲ್ಲಿ ನಲವತ್ತು ವರ್ಷ ಅಡುಗೆ ಮಾಡಿದವರು ಅವರು.

ಅಝೆಕೆ ಇದಕ್ಕೊಂದು ದಾರಿ ಹುಡುಕಿದೆ. 2018ರಲ್ಲಿ ಸನ್ ಯಾತ್‌ಸೆನ್ ವಿಶ್ವವಿದ್ಯಾಲಯದ ತಂಡವೊಂದು ಇಲ್ಲಿ ಕೆಲಸ ಶುರು ಮಾಡಿತು. ಊರಿನವರದ್ದೇ ಕಂಪನಿ, ಟಿಕೆಟ್ ಕೊಡುವವರೂ ಊರಿನವರೇ. ಬಂದ ಆದಾಯದಲ್ಲಿ ನೂರಕ್ಕೆ 70 ಪಾಲು ಮನೆಗಳಿಗೆ, 30 ಪಾಲು ಊರಿನ ಕಂಪನಿಗೆ. ಮನೆಗಳ ಆ ಪಾಲನ್ನು ಹಂಚುವ ಲೆಕ್ಕ ಇನ್ನೂ ಚಂದ. ಹಳೆಯ ಮನೆ ಉಳಿಸಿಕೊಂಡಿದ್ದಕ್ಕೆ 40, ಗದ್ದೆ ಬೇಸಾಯ ಮಾಡುವುದಕ್ಕೆ 30, ಊರಲ್ಲೇ ವಾಸ ಇರುವುದಕ್ಕೆ 20, ಊರಿನವರೆಂದು ದಾಖಲೆ ಇರುವುದಕ್ಕೆ 10. ಅಂದರೆ ಗದ್ದೆ ಬಿಟ್ಟವರಿಗೆ ಗದ್ದೆಯ ಪಾಲಿಲ್ಲ. 2024ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಅತ್ಯುತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೆ ಅಝೆಕೆಯನ್ನು ಸೇರಿಸಿತು. ಹಿಂದಿನ ದಿನ ನೋಡಿದ ಮರದ ದಿಮ್ಮಿ ನನಗೆ ನೆನಪಾಗದೇ ಇರಲಿಲ್ಲ. ನೀರು ಹಂಚಲು ಗೊತ್ತಿದ್ದ ಜನ ಹಣವನ್ನೂ ಅದೇ ಬಗೆಯಲ್ಲಿ ಹಂಚಿಕೊಂಡಿದ್ದಾರೆ. ಟಿಕೆಟ್ ಹಣ ದುಬಾರಿ ಅಂತ ಗೊಣಗುವವರು ಸಿಗುತ್ತಾರೆ. ನಾನು ಸಂತೋಷದಿಂದ ಕೊಟ್ಟೆ.

ಸಂಜೆ ಬಾದಾ ಎಂಬ ಇನ್ನೊಂದು ಕಡೆಯ ಗದ್ದೆಗಳಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕಿತ್ತು, ಆಗಲಿಲ್ಲ. ವ್ಯಾನಿನ ಟೈರ್ ಹೋಯಿತು. ಚಾಲಕ ಚಕ್ರ ಬದಲಿಸುವಷ್ಟರಲ್ಲಿ ಕತ್ತಲಾಯಿತು. ನಾವು ನಿಂತ ರಸ್ತೆಯ ಪಕ್ಕದ ಗೊಬ್ಬರದ ಹೊಂಡ ತೋರಿಸಿ ಅವರು ಒಂದು ವಿಷಯ ಹೇಳಿದರು. ಊರಿನ ಸಗಣಿ, ಬೂದಿ ಎಲ್ಲ ಇಂಥ ಹೊಂಡದಲ್ಲಿ ವರ್ಷಪೂರ್ತಿ ಸೇರುತ್ತದೆ. ನಾಟಿಗೆ ಮುಂಚೆ ಕಾಲುವೆಯ ನೀರನ್ನು ಹೊಂಡಕ್ಕೆ ಬಿಟ್ಟು ಕದಡುತ್ತಾರೆ, ಗೊಬ್ಬರ ನೀರಿನ ಜೊತೆ ತಾನೇ ಇಳಿದು ಗದ್ದೆ ಸೇರುತ್ತದೆ. ತಲೆಯ ಮೇಲೆ ಹೊರುವ ಕೆಲಸವೇ ಇಲ್ಲ. ಗೊಬ್ಬರದ ಹೆಡಿಗೆ ಹೊತ್ತು ಬೆಳೆದ ಅಕ್ಕ ಈ ಮಾತನ್ನು ಎರಡು ಸಲ ಹೇಳಿಸಿಕೊಂಡಳು.

ಆರನೇ ದಿನ: ಇಳಿದು ಬಂದದ್ದು

ಹೊರಡುವ ದಿನ ಆಕಾಶ ತಿಳಿಯಾಗಿತ್ತು. ಯಜಮಾನಿ ಐದು ಕಿಲೋ ಕೆಂಪಕ್ಕಿ ಕಟ್ಟಿಕೊಟ್ಟರು, ಅದಕ್ಕೆ ಹಣ ತೆಗೆದುಕೊಂಡರು. ಉಪ್ಪು ಹಾಕಿದ ಹತ್ತು ಬಾತುಕೋಳಿ ಮೊಟ್ಟೆಗೆ ಎಷ್ಟು ಒತ್ತಾಯಿಸಿದರೂ ತೆಗೆದುಕೊಳ್ಳಲಿಲ್ಲ. ಅಜ್ಜ ರಸ್ತೆಯವರೆಗೆ ಬಂದರು. ಅಕ್ಕ ಬಗ್ಗಿ ಅವರ ಕಾಲು ಮುಟ್ಟಿದಾಗ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಹೋದರು. ಮೊಮ್ಮಗಳು ವಿವರಿಸಿದ ಮೇಲೆ ಅಕ್ಕನ ತಲೆಯ ಮೇಲೆ ಕೈಯಿಟ್ಟರು.

ನಾನ್‌ಶಾದ ಸೆಕೆಯಲ್ಲಿ ಬಸ್ಸಿಗೆ ಕಾಯುತ್ತಾ ಮೊಟ್ಟೆ ಬಿಡಿಸಿದೆವು. ಒಳಗಿನ ಹಳದಿ ಕಿತ್ತಳೆಗಿಂತ ಕೆಂಪಗಿತ್ತು. ಪಕ್ಕದಲ್ಲಿ ಕೂತಿದ್ದ ದಾಯ್ ಮುದುಕರಿಗೂ ಎರಡು ಕೊಟ್ಟೆವು. ಅವರು ಕಡಲೆಕಾಯಿ ಕೊಟ್ಟರು.

ಅಕ್ಕಿ ಮನೆಗೆ ಬಂತು. ಹಿಂದಿನ ರಾತ್ರಿಯೇ ನೆನೆಸಿಟ್ಟರೆ ಚೆನ್ನಾಗಿ ಬೇಯುತ್ತದೆ, ಬಸಳೆ ಸಾರಿಗೆ ಒಳ್ಳೆಯ ಜೊತೆ. ಮೇ ತಿಂಗಳಲ್ಲಿ ಆ ಹುಡುಗಿ ವಿಚ್ಯಾಟ್‌ನಲ್ಲಿ ನಾಟಿಯ ವಿಡಿಯೋ ಕಳಿಸಿದಳು. ಅಕ್ಕ ಗುದ್ದಲಿ ಹಿಡಿದ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿದ್ದಾರೆ, ಹುಡುಗಿಯೂ ಅವರ ನಡುವೆ ಇದ್ದಾಳೆ. ಕೆಳಗೆ ಒಂದು ಪ್ರಶ್ನೆ ಬರೆದಿದ್ದಳು: 'ಅಜ್ಜ ಕೇಳುತ್ತಿದ್ದಾರೆ, ನಿಮ್ಮಲ್ಲಿ ನಾಟಿ ಯಾವಾಗ?' ಉಳಿದಿರುವುದು ಎರಡೇ ಗದ್ದೆ, ಜುಲೈಯಲ್ಲಿ ಮಳೆ ಹಿಡಿದ ಮೇಲೆ, ಎಂದು ಅಕ್ಕ ಉತ್ತರ ಕಳಿಸಿದಳು. ವಿಡಿಯೋ ಬೇಕಂತೆ ಅಜ್ಜನಿಗೆ. ನಾಟಿಯ ದಿನ ಗೊತ್ತಾದ ಕೂಡಲೇ ತಿಳಿಸಬೇಕೆಂದು ಅಣ್ಣನಿಗೆ ಹೇಳಿಟ್ಟಿದ್ದೇವೆ.